ಮುಚ್ಚಳದ ಪುರಾಣ ಮತ್ತು ತೊಟ್ಟಿಲ ಪುರಾಣ: ಧಾರವಾಡ ಸೀಮೆಯ ಬಳಕೆವಸ್ತುಗಳಲ್ಲಿ ಕಥಾಚಿತ್ರದ ನೆಲೆ

ಅಲಂಕಾರಕಲೆಯ ಚರಿತ್ರೆಯಲ್ಲಿ ನಶ್ಯದ ಡಬ್ಬಿಗೆ ದೊರೆತಿರುವ ಗೌರವ ಅಚ್ಚರಿ ಹುಟ್ಟಿಸುವಂಥದು. ಹದಿನೆಂಟನೆಯ ಶತಮಾನದ ಪ್ಯಾರಿಸ್, ಜಿನೀವಾ, ಡ್ರೆಸ್ಡೆನ್, ಬರ್ಲಿನ್ ನಗರಗಳ ಅಕ್ಕಸಾಲಿಗರು ಅಂಗೈಯೊಳಗೆ ಅಡಗುವ ಈ ವಸ್ತುವಿಗಾಗಿ ಚಿನ್ನ, ಆನೆದಂತ, ಆಮೆಚಿಪ್ಪು, ರತ್ನಗಳನ್ನು ಧಾರಾಳವಾಗಿ ಬಳಸಿದರು. ಮುಚ್ಚಳದ ಮೇಲೆ ಗ್ರೀಕ್ ಅಥವಾ ರೋಮನ್ ಪುರಾಣದ ಒಂದು ಸನ್ನಿವೇಶವನ್ನು ಕೆತ್ತುವುದು ಇಲ್ಲವೆ ದಂತದ ತೆಳುಹಾಳೆಯ ಮೇಲೆ ಬರೆದು ಕೂರಿಸುವುದು ಆ ಕಾಲದ ಮೆಚ್ಚಿನ ರೀತಿಗಳಲ್ಲೊಂದು. ನಶ್ಯ ಸೇದುವ ರೂಢಿ ಅಳಿದ ಮೇಲೂ ಡಬ್ಬಿಗಳು ಉಳಿದವು. ಪ್ಯಾರಿಸ್ಸಿನ ಲೂವ್ರ್, ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಗಳಲ್ಲಿ ಅವು ಇಂದು ಗಾಜಿನ ಕಪಾಟುಗಳೊಳಗೆ ಸಾಲುಗಟ್ಟಿ ನಿಂತಿವೆ.

ಈ ಗೌರವಕ್ಕೆ ಬೆಲೆಬಾಳುವ ಲೋಹವೊಂದೇ ಕಾರಣವಲ್ಲ. ವೆನಿಸ್ಸಿನ ರೊಸಾಲ್ಬಾ ಕರ್ರಿಯೆರಾ (1673-1757) ಎಂಬ ಚಿತ್ರಕಾರ್ತಿ ತನ್ನ ವೃತ್ತಿಯನ್ನು ಆರಂಭಿಸಿದ್ದು ನಶ್ಯದ ಡಬ್ಬಿಗಳ ಮುಚ್ಚಳಕ್ಕೆ ಚಿತ್ರ ಬರೆಯುವುದರಿಂದ. ಕಿರುಚಿತ್ರಕ್ಕೆ ಚರ್ಮಪತ್ರದ ಬದಲು ದಂತದ ಹಾಳೆಯನ್ನು ಬಳಸಿದವರಲ್ಲಿ ಅವಳೇ ಮೊದಲಿಗಳೆಂದು ಕಲಾಚರಿತ್ರಕಾರರು ಹೇಳುತ್ತಾರೆ. ದಂತದ ಮೇಲೆ ಬರೆದ ಇಂಥದೇ ಒಂದು ಕಿರುಚಿತ್ರವನ್ನು ಒಪ್ಪಿಸಿ 1705ರಲ್ಲಿ ಅವಳು ರೋಮಿನ ಸಂತ ಲೂಕನ ಅಕಾಡೆಮಿಯ ಸದಸ್ಯತ್ವ ಪಡೆದಳು. ಡಬ್ಬಿಯ ಮುಚ್ಚಳದಿಂದ ಅಕಾಡೆಮಿಯ ಬಾಗಿಲವರೆಗೆ ಅಲ್ಲಿ ಒಂದು ದಾರಿ ಇತ್ತು. ನಮ್ಮ ಕಲಾವಿಮರ್ಶೆ 'ಕಲೆ' ಮತ್ತು 'ಕುಶಲಕರ್ಮ' ಎಂಬ ಎರಡು ಖಾನೆಗಳನ್ನು ಯುರೋಪಿನಿಂದಲೇ ಎರವಲು ತಂದಿತು. ಅವುಗಳ ನಡುವಿನ ಈ ದಾರಿಯನ್ನು ಮಾತ್ರ ತರಲಿಲ್ಲ.

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಬಳಕೆವಸ್ತುಗಳನ್ನು ಈ ಹಿನ್ನೆಲೆಯಲ್ಲಿ ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ. ಈ ಸೀಮೆಯಲ್ಲಿ ತಂಬಾಕಿಗೆ ಕೊರತೆ ಇರಲಿಲ್ಲ. ಉಳ್ಳವರ ಮನೆಗಳಲ್ಲಿ ಬೆಳ್ಳಿಬಂಗಾರಕ್ಕೂ ಕೊರತೆ ಇರಲಿಲ್ಲ. ಪುರಾಣಕ್ಕಂತೂ ಬರವೇ ಇಲ್ಲ. ಆದರೂ ಈ ಮೂರೂ ಒಂದು ಪುಟ್ಟ ಡಬ್ಬಿಯ ಮೇಲೆ ಕೂಡಿಬರುವ ಪರಂಪರೆ ಇಲ್ಲಿ ಬೆಳೆಯಲಿಲ್ಲ. ಇದನ್ನು ಬಡತನವೆಂದೋ ಹಳ್ಳಿಗಾಡಿನ ಅಭಿರುಚಿಯ ಮಿತಿಯೆಂದೋ ತಳ್ಳಿಹಾಕುವುದು ಸುಲಭ. ಕಥಾಚಿತ್ರ ಎಲ್ಲಿರಬೇಕು, ಎಲ್ಲಿರಬಾರದು ಎಂಬ ಬಗ್ಗೆ ಈ ಸೀಮೆಗೆ ತನ್ನದೇ ಆದ ಒಂದು ತಿಳಿವಳಿಕೆ ಇತ್ತೆಂಬುದು ಪ್ರಸ್ತುತ ಲೇಖನದ ವಾದ.

ಮೊದಲು ತಂಬಾಕಿನ ಮಾತು. ಭಾರತದಲ್ಲಿ ತಂಬಾಕಿನ ಆರಂಭದ ಚರಿತ್ರೆಗೆ ದೊರೆಯುವ ಅತ್ಯಂತ ಸ್ವಾರಸ್ಯದ ಬರಹ ನಮ್ಮ ಉತ್ತರ ಕರ್ನಾಟಕಕ್ಕೇ ಸಂಬಂಧಿಸಿದ್ದು. ಅಕ್ಬರನ ದೂತನಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ತಂಬಾಕನ್ನು ಕಂಡು, 1604ರ ಸುಮಾರಿಗೆ ಅದನ್ನು ಮೊಗಲ್ ಆಸ್ಥಾನಕ್ಕೆ ಕೊಂಡೊಯ್ದ. ಧಾರವಾಡ ಸೀಮೆಯೂ ಆಗ ಅದೇ ಆದಿಲಶಾಹಿ ಆಳ್ವಿಕೆಗೆ ಸೇರಿತ್ತು. ರತ್ನಖಚಿತ ಕೊಳವೆ, ಬಂಗಾರದ ಚಿಲುಮೆ, ಬೆಳ್ಳಿಯ ತಟ್ಟೆ ಎಲ್ಲವನ್ನೂ ಅವನು ಸಂಭ್ರಮದಿಂದ ವರ್ಣಿಸುತ್ತಾನೆ. ಆ ವರ್ಣನೆಯಲ್ಲಿ ನಮ್ಮ ಗಮನ ಸೆಳೆಯಬೇಕಾದ್ದು ಬೇರೆಯೇ ಒಂದು ಸಣ್ಣ ವಿವರ. ತಂಬಾಕನ್ನು ಅವನು ತುಂಬಿದ್ದು ಆದಿಲಶಾಹ ತನಗೆ ಕೊಟ್ಟಿದ್ದ ಕುಸುರಿಗೆಲಸದ ಎಲೆಯಡಿಕೆಯ ಚೀಲದಲ್ಲಿ. ಹೊಸ ಪದಾರ್ಥ ಬಂದಾಗ ಅದಕ್ಕಾಗಿ ಹೊಸ ಪಾತ್ರೆ ಹುಟ್ಟಲಿಲ್ಲ. ವೀಳ್ಯದ ಪರಿವಾರವೇ ಅದನ್ನು ತನ್ನೊಳಗೆ ಸೇರಿಸಿಕೊಂಡಿತು.

ಮುಂದೆಯೂ ನಡೆದದ್ದು ಹೀಗೆಯೇ. ನಿಪ್ಪಾಣಿಯ ಸುತ್ತಿನ ಹೊಲಗಳಿಂದ ತಂಬಾಕು ಹೇರಳವಾಗಿ ಬಂದರೂ ಹಳ್ಳಿಯವನ ಸೊಂಟದಲ್ಲಿದ್ದುದು ಎಲೆ, ಅಡಿಕೆ, ಸುಣ್ಣ, ತಂಬಾಕು ಎಲ್ಲಕ್ಕೂ ಮನೆಗಳಿರುವ ಬಟ್ಟೆಯ ಚಂಚಿ. ನಶ್ಯಕ್ಕೆ ಇಲ್ಲಿ ತಪಕೀರು ಎಂಬ ಹೆಸರು. ಗಂಡಸರು ಅದನ್ನು ಮೂಗಿಗೆ ಏರಿಸಿದರೆ ಮುದುಕಿಯರು ಹಲ್ಲಿಗೆ ತಿಕ್ಕುತ್ತಿದ್ದರು. ಅದರ ಡಬ್ಬಿ ತಗಡಿನದೋ ಹಿತ್ತಾಳೆಯದೋ ಆಗಿರುತ್ತಿತ್ತು. ಅದರ ಮೇಲೆ ಇದ್ದರೆ ಒಂದೆರಡು ಗೆರೆ, ಒಂದು ಹೂ. ಯುರೋಪಿನ ಸಭಾಂಗಣಗಳಲ್ಲಿ ನಶ್ಯದ ಡಬ್ಬಿಯನ್ನು ಚಾಚುವುದು ಅಂತಸ್ತನ್ನು ಮೆರೆಯುವ ಒಂದು ಕ್ರಿಯೆ. ಇಲ್ಲಿ ಆ ಕೆಲಸವನ್ನು ಎಲೆಯಡಿಕೆಯ ತಟ್ಟೆ ಅದಾಗಲೇ ಮಾಡುತ್ತಿದ್ದುದರಿಂದ ತಪಕೀರಿನ ಡಬ್ಬಿ ಆ ಹೊಣೆ ಹೊರಬೇಕಾಗಿಯೇ ಬರಲಿಲ್ಲ. ಅಡಕೊತ್ತಿನ ಮೇಲೆ ಗಿಳಿ, ನವಿಲು, ಕುದುರೆ, ಜೋಡಿಮೂರ್ತಿಗಳು ಕಾಣಿಸಿಕೊಳ್ಳುತ್ತವೆ, ನಿಜ. ಆದರೆ ಅವು ಆಕೃತಿಗಳು, ಕಥೆಯಲ್ಲ. ಸೇತುವೆ ಕಟ್ಟುವ ಕಪಿಗಳೂ ಸೀರೆ ಕದಿಯುವ ಕೃಷ್ಣನೂ ಅಡಕೊತ್ತಿನ ಮೇಲೆ ಬರುವುದಿಲ್ಲ.

ಬೆಲೆಬಾಳುವ ಪುಟ್ಟ ಪೆಟ್ಟಿಗೆ ಈ ಸೀಮೆಯಲ್ಲಿ ಇಲ್ಲದಿಲ್ಲ. ಅದು ಲಿಂಗವಂತರ ಎದೆಯ ಮೇಲಿನ ಕರಡಿಗೆ. ಶಿವದಾರದಲ್ಲಿ ತೂಗುವ, ಬೆಳ್ಳಿಯಲ್ಲಿ ಎರಡು ಹೋಳಾಗಿ ಮಾಡಿ ಕೂಡಿಸಿದ, ಇಕ್ಕೆಲಗಳಲ್ಲಿ ಮೊನೆ ಚಾಚಿದ ಈ ವಸ್ತುವಿನ ರೂಪ ಎಷ್ಟು ಪರಿಪೂರ್ಣವೆಂದರೆ, ವಿನ್ಯಾಸದ ದೃಷ್ಟಿಯಿಂದ ನೋಡಿದರೆ ಮೇಲೆ ಹೇಳಿದ ಯಾವ ಚಿನ್ನದ ಡಬ್ಬಿಗೂ ಅದು ಕಡಮೆಯದಲ್ಲ. ಅಕ್ಕಸಾಲಿಯ ಕೈಚಳಕ ಅಲ್ಲಿ ಕಾಣುವುದು ಕೂಡುಗೆರೆಯಲ್ಲಿ, ಉಬ್ಬಿನ ನುಣುಪಿನಲ್ಲಿ, ಎರಡು ಹೋಳುಗಳು ಒಂದನ್ನೊಂದು ಕಚ್ಚಿ ಹಿಡಿಯುವ ಬಿಗಿಯಲ್ಲಿ. ಮೇಲ್ಮೈ ಬಹುಮಟ್ಟಿಗೆ ಬರಿದು. ದಿನವೂ ತೆರೆದು ಮುಚ್ಚುವ, ಮೈಗೆ ಅಂಟಿಕೊಂಡೇ ಇರುವ ಈ ಪೆಟ್ಟಿಗೆಯ ಮೇಲೆ ಕಥೆ ಇಲ್ಲ. ಒಳಗಿರುವುದರ ಎದುರಿಗೆ ಮುಚ್ಚಳ ತಾನಾಗಿ ಏನನ್ನೂ ಹೇಳುವುದಿಲ್ಲ.

ಶರಣಪರಂಪರೆಯ ಮೂರ್ತಿವಿಮುಖತೆಯೇ ಇದಕ್ಕೆ ಕಾರಣವೆಂದು ಯಾರಾದರೂ ಹೇಳಬಹುದು. ಈ ವಿವರಣೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಕರಡಿಗೆ ಧರಿಸಿದವರ ಮನೆಯ ನಡುವಿನಲ್ಲೇ ಶಿವಪಾರ್ವತಿಯರನ್ನು, ಶರಣರನ್ನು, ಕೆಲವೊಮ್ಮೆ ಬಾಲಕೃಷ್ಣನನ್ನೂ ಬರೆದ ಬಣ್ಣದ ತೊಟ್ಟಿಲು ತೂಗುತ್ತದೆ. ಚಿತ್ರವೇ ಬೇಡವೆಂಬ ನಿಷ್ಠೆಯಾಗಿದ್ದರೆ ತೊಟ್ಟಿಲಿಗೂ ಬೇಡವಾಗಬೇಕಿತ್ತು. ಮೈಗೆ ಹತ್ತಿದ, ಒಬ್ಬರಿಗೇ ಸೇರಿದ ವಸ್ತು ಕಥೆಯಿಲ್ಲದೆ ಇರುವುದು, ಹತ್ತು ಜನ ಸುತ್ತುವರಿಯುವ ವಸ್ತು ಕಥೆಯನ್ನು ಹೊರುವುದು: ಇಲ್ಲಿ ಕೆಲಸ ಮಾಡಿರುವ ವಿಭಜನೆ ಇದೆಂದು ನನಗೆ ತೋರುತ್ತದೆ. ಮತ, ಜಾತಿಗಳ ಗೆರೆಗಳನ್ನು ಈ ವಿಭಜನೆ ಸಲೀಸಾಗಿ ದಾಟಿದೆ.

ದಂತದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ದಂತದ ಕೆತ್ತನೆಗೂ ಕಲ್ಲಿನ ಕೆತ್ತನೆಗೂ ಇರುವ ನಂಟು ಬಹಳ ಹಳೆಯದು. ಸಾಂಚಿಯ ದಕ್ಷಿಣ ತೋರಣದ ಕೆತ್ತನೆ ವಿದಿಶೆಯ ದಂತಕಾರರ ಕೆಲಸವೆಂದು ಅಲ್ಲಿನ ಬ್ರಾಹ್ಮೀ ಶಾಸನವೇ ಹೇಳುತ್ತದೆ. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದ ಗೋಡೆಯೆದುರು ನಿಂತಾಗ ಆ ಮಾತು ನೆನಪಾಗುತ್ತದೆ. ಹನ್ನೊಂದನೆಯ ಶತಮಾನದ ಈ ಕಲ್ಯಾಣ ಚಾಲುಕ್ಯ ದೇವಾಲಯ ಬಳಪದ ಕಲ್ಲಿನ ಆರಂಭದ ಕಟ್ಟಡಗಳಲ್ಲೊಂದು. ಉಳಿಗೆ ಸುಲಭವಾಗಿ ಬಗ್ಗುವ ಆ ಕಲ್ಲು ಶಿಲ್ಪಿಗೆ ದಂತದಷ್ಟೇ ಸೂಕ್ಷ್ಮವಾದ ಕೆಲಸಕ್ಕೆ ಎಡೆಮಾಡಿಕೊಟ್ಟಿತು. ಡಬ್ಬಿಯ ಮುಚ್ಚಳಕ್ಕೆ ಒಪ್ಪುವ ಕುಸುರಿ ಇಲ್ಲಿ ಪ್ರದಕ್ಷಿಣೆಯ ದಾರಿಯಲ್ಲಿ, ಊರೆಲ್ಲರ ಕಣ್ಣಿಗೆ ಬೀಳುವಲ್ಲಿ ಇದೆ. ಇನ್ನು ನಿಜವಾದ ದಂತ ಧಾರವಾಡದ ಮನೆಗಳಿಗೆ ಬಂದದ್ದು ಮುಖ್ಯವಾಗಿ ತಂಬೂರಿಯ ಜೊತೆ. ಮಿರಜಿನ ತಂಬೂರಿಗಳ ಅಂಚಿನ ಜಡಾವು, ತಂತಿ ಹೊರುವ ಕುದುರೆ ಹಿಂದೆ ದಂತದ್ದಾಗಿರುತ್ತಿದ್ದವು. ಸವಾಯಿ ಗಂಧರ್ವರ (1886-1952) ಕುಂದಗೋಳದಲ್ಲಿ, ನಾಡಿಗೇರರ ವಾಡೆಯ ಸಂಗೀತಸೇವೆಯಲ್ಲಿ ದಂತದ ಕೆಲಸ ನಾದಕ್ಕೆ ಆಸರೆಯಾಗುವುದೇ ಹೊರತು ಕಥೆ ಹೇಳುವುದಲ್ಲ. 1986ರ ತಿದ್ದುಪಡಿಯಿಂದ ಭಾರತದ ಆನೆಗಳ ದಂತದ ವ್ಯಾಪಾರವೂ 1991ರ ತಿದ್ದುಪಡಿಯಿಂದ ಆಫ್ರಿಕದ ದಂತದ ವ್ಯಾಪಾರವೂ ಕಾನೂನುಬಾಹಿರವಾದವು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು, ಮುಗಿದದ್ದು ಒಳ್ಳೆಯದೇ.

ಈ ವಾದಕ್ಕೆ ಎದುರಾಗಿ ನಿಲ್ಲಬಹುದಾದ ಗಟ್ಟಿ ನಿದರ್ಶನವೊಂದಿದೆ. ಕಲಘಟಗಿಯಿಂದ ಘಟ್ಟದ ಕಡೆಗೆ ಹೊರಟರೆ ಶಿರಸಿ, ಸೊರಬ, ಸಾಗರಗಳ ಗುಡಿಗಾರರ ನೆಲ ಸಿಗುತ್ತದೆ. ಅವರ ಗಂಧದ ಪೆಟ್ಟಿಗೆಗಳ ಮೇಲೆ ಬೆರಳಿಡಲೂ ಬರಿದಾದ ಜಾಗ ಇರುವುದಿಲ್ಲ. ಬಳ್ಳಿಗಳ ನಡುವೆ ದೇವತೆಗಳು, ಪುರಾಣದ ಸನ್ನಿವೇಶಗಳು ಕಿಕ್ಕಿರಿದಿರುತ್ತವೆ. ದಂತದಲ್ಲೂ ಅವರ ಕೈ ಪಳಗಿತ್ತು. ಮುಚ್ಚಳದ ಮೇಲೆ ಪುರಾಣ ಬರೆಯುವ ಪರಂಪರೆ ಪಕ್ಕದಲ್ಲೇ ಇತ್ತಲ್ಲ ಎಂದು ಕೇಳಬಹುದು. ಆದರೆ ಆ ಪೆಟ್ಟಿಗೆಗಳು ಯಾರಿಗಾಗಿ ಹುಟ್ಟಿದವು ಎಂಬುದನ್ನು ನೋಡಬೇಕು. ಅರಮನೆಗಳಿಗೆ, ಗಣ್ಯರಿಗೆ ಬಿನ್ನವತ್ತಳೆ ಅರ್ಪಿಸಲು, ವಸಾಹತು ಕಾಲದ ಪ್ರದರ್ಶನಗಳಿಗೆ ಅವು ಹೊರಟವು. 1903ರ ದಿಲ್ಲಿ ಪ್ರದರ್ಶನದ ಬಗ್ಗೆ ಜಾರ್ಜ್ ವ್ಯಾಟ್ ಬರೆದ ಗ್ರಂಥದಲ್ಲಿ ಮೈಸೂರು ಸೀಮೆಯ ಗಂಧದ ಕೆತ್ತನೆ ಗೌರವದ ಸ್ಥಾನ ಪಡೆದಿದೆ. ಕಥೆ ಹೇಳುವ ಪೆಟ್ಟಿಗೆಯನ್ನು ಕೇಳಿದವರು ಹೊರಗಿನ ಕೊಳ್ಳುಗರು. ಗುಡಿಗಾರರ ಪ್ರತಿಭೆಯನ್ನು ಇದು ಕಿರಿದು ಮಾಡುವುದಿಲ್ಲ. ಸೀಮೆಯ ಒಳಗಿನ ಬೇಡಿಕೆ ಯಾವುದು, ಹೊರಗಿನದು ಯಾವುದು ಎಂಬುದನ್ನಷ್ಟೇ ತೋರಿಸುತ್ತದೆ.

ಈಗ ತೊಟ್ಟಿಲು. ಕಲಘಟಗಿಯ ಬಣ್ಣದ ತೊಟ್ಟಿಲ ಹೆಸರು ಉತ್ತರ ಕರ್ನಾಟಕದ ಮನೆಮನೆಗೆ ಗೊತ್ತು. ಸಾಗವಾನಿ ಕಟ್ಟಿಗೆಯ ಚೌಕಟ್ಟು, ಕಡೆದ ಗೂಟಗಳು, ಅರಗಿನ ಬಣ್ಣದ ಹೊಳಪು, ಕೆಂಪು ನೆಲದ ಮೇಲೆ ಎದ್ದು ಕಾಣುವ ಹಳದಿ, ಹಸಿರು, ಕಪ್ಪು ಗೆರೆಗಳು. ಸುತ್ತಲಿನ ಹಲಗೆಗಳ ಮೇಲೆ ಚಿತ್ರ: ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳು, ಶಿವಪಾರ್ವತಿಯರು. ಮಾಡಿಸುವ ಮನೆಯವರ ಮತ, ಇಷ್ಟಗಳಿಗೆ ತಕ್ಕಂತೆ ವಸ್ತು ಬದಲಾಗುತ್ತದೆ. ದೇವರ ಚಿತ್ರ ಸಲ್ಲದ ಮನೆಗೆ ಹೂಬಳ್ಳಿಯ ತೊಟ್ಟಿಲು ಹೋಗುತ್ತದೆ. ಬಡಿಗನ ಕೆಲಸ ಒಂದು, ಬಣ್ಣದ ಕೆಲಸ ಇನ್ನೊಂದು. ಎರಡೂ ಮುಗಿಯಲು ದಿನಗಳಲ್ಲ, ವಾರಗಳು ಬೇಕು.

ಈ ಚಿತ್ರಗಳ ಬಗ್ಗೆ ಇದುವರೆಗೆ ಬಂದಿರುವ ಬರವಣಿಗೆ ಬಹುಪಾಲು ಪರಿಚಯಾತ್ಮಕವಾದದ್ದು. ಯಾವ ಹಲಗೆಯ ಮೇಲೆ ಯಾವ ಕಥೆ ಎಂದು ಪಟ್ಟಿಮಾಡಿ ಅದು ನಿಲ್ಲುತ್ತದೆ. ಚಿತ್ರವನ್ನು ಗೋಡೆಗೆ ತೂಗುಹಾಕಿದ ಫಲಕದಂತೆ ಓದುವ ಅಭ್ಯಾಸವೇ ಇದಕ್ಕೆ ಮೂಲ. ನಶ್ಯದ ಡಬ್ಬಿಯ ಚಿತ್ರವನ್ನೂ ಹಾಗೆ ಓದಲಾಗದು. ಅಲ್ಲಿ ಇರುವುದು ಒಂದೇ ಕ್ಷಣ: ದೇವಿಯೊಬ್ಬಳು ಎಚ್ಚರಗೊಳ್ಳುವುದು, ಬೇಟೆಗಾರನೊಬ್ಬ ಕಾಣಬಾರದ್ದನ್ನು ಕಂಡುಬಿಡುವುದು. ಬೆರಳು ಒತ್ತಿದೊಡನೆ ಮುಚ್ಚಳ ಹಿಂದಕ್ಕೆ ವಾಲಿ ಆ ಕ್ಷಣ ಮರೆಯಾಗುತ್ತದೆ; ಡಬ್ಬಿ ಜೇಬಿಗೆ ಹೋದರೆ ಕಥೆಯೂ ಜೇಬಿಗೆ. ಒಡೆಯನ ಇಚ್ಛೆಯ ಮೇರೆಗೆ ತೋರಿ ಅಡಗುವ ಚಿತ್ರ ಅದು. ಆ ಮುಚ್ಚಳಗಳ ಮೇಲೆ ಶೃಂಗಾರದ ಸನ್ನಿವೇಶಗಳು ಮತ್ತೆ ಮತ್ತೆ ಬರುವುದಕ್ಕೆ ಈ ಗುಟ್ಟಿನ ಸುಖವೂ ಒಂದು ಕಾರಣವಾಗಿರಬೇಕು.

ತೊಟ್ಟಿಲ ಚಿತ್ರದ ನಡೆ ಇದಕ್ಕೆ ಪೂರ್ತಿ ವಿರುದ್ಧ. ಕಥೆ ನಾಲ್ಕೂ ಬದಿಗೆ ಹಂಚಿಹೋಗಿರುವುದರಿಂದ ಒಬ್ಬರು ಒಂದೆಡೆ ನಿಂತು ಅದನ್ನು ಪೂರ್ತಿ ನೋಡಲಾಗದು. ತೂಗಿದಾಗ ಚಿತ್ರ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಯಾರಿಗಾಗಿ ತೊಟ್ಟಿಲು ಮಾಡಿದ್ದೋ ಆ ಕೂಸಿಗೆ ಹೊರಮೈಯ ಚಿತ್ರ ಕಾಣುವುದೇ ಇಲ್ಲ. ಅದು ನಾಮಕರಣಕ್ಕೆ ಕೂಡಿದವರಿಗಾಗಿ ಬರೆದ ಚಿತ್ರ. ಬಾಣಂತಿಯ ತವರಿನವರು, ಗಂಡನ ಮನೆಯವರು, ಓಣಿಯ ಮುತ್ತೈದೆಯರು ಸುತ್ತ ನೆರೆಯುತ್ತಾರೆ. ಮೊದಲು ಗುಂಡುಕಲ್ಲನ್ನು ಮಲಗಿಸಿ, ಅನಂತರ ಕೂಸನ್ನು ತೊಟ್ಟಿಲ ಮೇಲೂ ಕೆಳಗೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಪದ್ಧತಿ ಇಲ್ಲಿನ ಹಲವು ಮನೆಗಳಲ್ಲಿದೆ. ಕೊಡುವವರು ಒಂದು ದೇವರ ಹೆಸರು ಹೇಳಿ ಕೊಡುತ್ತಾರೆ, ಪಡೆಯುವವರು ಇನ್ನೊಂದು ಹೆಸರು ಹೇಳಿ ಮರಳಿಸುತ್ತಾರೆ. ಆ ಹೊತ್ತಿನಲ್ಲಿ ಹಲಗೆಯ ಮೇಲಿನ ಕೃಷ್ಣನೂ ಕೈಗಳ ನಡುವಿನ ಕೃಷ್ಣನೂ ಒಂದೇ ಕಥೆಯವರು. ಜೋಗುಳ ಆರಂಭವಾದ ಮೇಲೆ ಹಲಗೆಯ ಮೇಲಿಲ್ಲದ ಪ್ರಸಂಗಗಳನ್ನು ಹಾಡು ತುಂಬಿಕೊಡುತ್ತದೆ. ಚಿತ್ರಕಾರ ಪ್ರಸಂಗದ ಒಂದು ಗುರುತನ್ನಷ್ಟೇ ಬರೆದು ಬಿಟ್ಟಿರುವುದು ಅವನ ಅಸಾಮರ್ಥ್ಯವಲ್ಲ. ಉಳಿದದ್ದನ್ನು ಹೇಳುವವರು ಸುತ್ತ ನಿಂತಿದ್ದಾರೆಂಬ ಭರವಸೆ ಅವನಿಗಿದೆ.

ನವಲಗುಂದದ ಜಮಖಾನದ ಒಂದು ಮಾತನ್ನೂ ಇಲ್ಲಿ ಸೇರಿಸಬಹುದು. ಮುಸ್ಲಿಂ ಹೆಣ್ಣುಮಕ್ಕಳು ಮನೆಯೊಳಗೆ ನೇಯುವ, ಭೌಗೋಳಿಕ ಗುರುತು ಪಡೆದಿರುವ ಈ ಜಮಖಾನಗಳಲ್ಲಿ ಪಗಡೆಯಾಟದ ಹಾಸನ್ನೇ ನೇಯ್ದ ಬಗೆಯೊಂದಿದೆ. ಪಗಡೆಯ ಹಾಸು ಕಂಡ ಕನ್ನಡಿಗನಿಗೆ ಭಾರತದ ಕಥೆ ನೆನಪಾಗದೆ ಇರದು. ಆದರೆ ಅಲ್ಲಿ ಧರ್ಮರಾಯನೂ ಇಲ್ಲ, ಶಕುನಿಯೂ ಇಲ್ಲ, ಮನೆಗಳಷ್ಟೇ ಇವೆ. ಕುಳಿತು ಆಡುವವರು ಬಂದಾಗ ಕಥೆಗೆ ಜನ ಸಿಗುತ್ತಾರೆ. ಇದು ನನ್ನ ಊಹೆಯ ಓದು. ನೇಯ್ದವರು ಹೀಗೆಂದುಕೊಂಡು ನೇಯ್ದರೆಂದು ನಾನು ಹೇಳುತ್ತಿಲ್ಲ.

ತೊಟ್ಟಿಲ ಇತ್ತೀಚಿನ ಚರಿತ್ರೆ ವಿಮರ್ಶಕನನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ನಟ ಅಂಬರೀಶ್ ಅವರು ನಟ ಯಶ್ ಅವರ ಕೂಸಿಗೆಂದು ಹೇಳಿಮಾಡಿಸಿದ್ದ ಕಲಘಟಗಿಯ ತೊಟ್ಟಿಲು, 2018ರ ನವೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಆ ಮನೆಯನ್ನು ಸೇರಿದಾಗ ರಾಜ್ಯದ ಪತ್ರಿಕೆಗಳೆಲ್ಲ ಅದರ ಬಗ್ಗೆ ಬರೆದವು. ಕೊಟ್ಟವರು ಇಲ್ಲದಿದ್ದರೂ ತೊಟ್ಟಿಲು ತಲುಪಿತೆಂಬುದರಲ್ಲಿ ಹಳೆಯ ಸಂಪ್ರದಾಯದ ಎಳೆಯೊಂದು ಇದ್ದೇ ಇದೆ. ಆ ಪ್ರಚಾರದಿಂದ ಕುಶಲಕರ್ಮಿಗಳಿಗೆ ಕೆಲಸ ಸಿಕ್ಕಿದ್ದರೆ ಅದಕ್ಕೆ ಯಾರೂ ಹುಬ್ಬುಗಂಟಿಕ್ಕಬೇಕಾಗಿಲ್ಲ. ಆದರೆ ಕೂಸಿಲ್ಲದ ಮನೆಯ ಹಜಾರಕ್ಕೆ ಅಲಂಕಾರವಾಗಿ ತೊಟ್ಟಿಲು ಹೋಗಿ ನಿಂತಾಗ ಅದು ಒಬ್ಬ ಒಡೆಯನ ಅಭಿರುಚಿಗೆ ಸಾಕ್ಷಿ ಹೇಳುವ ವಸ್ತುವಾಗುತ್ತದೆ, ಅಂದರೆ ಗಾತ್ರ ದೊಡ್ಡದಾದ ನಶ್ಯದ ಡಬ್ಬಿಯಾಗುತ್ತದೆ. ಆಗ ಚಿತ್ರದ ಮೇಲೆ ಹೊಸ ಭಾರ ಬೀಳುತ್ತದೆ. ಹಾಡುವವರು ಇಲ್ಲದುದರಿಂದ ಎಲ್ಲವನ್ನೂ ಅದೇ ಹೇಳಬೇಕು. ಈಚಿನ ಹಲವು ಹಲಗೆಗಳಲ್ಲಿ ಮುಖಗಳಿಗೆ ನೆರಳುಬೆಳಕಿನ ಮೈದುಂಬಿದ ಕ್ಯಾಲೆಂಡರ್ ಚೆಲುವು ಬಂದಿರುವುದು, ಹಿನ್ನೆಲೆಯಲ್ಲಿ ಬೆಟ್ಟ, ಮೋಡ, ನದಿಗಳೆಲ್ಲ ತುಂಬಿಕೊಂಡಿರುವುದು ಈ ಭಾರದ ಫಲವೆಂದೇ ನಾನು ಭಾವಿಸುತ್ತೇನೆ. ಬಿಡಿಯಾಗಿ ನೋಡಿದರೆ ಅವುಗಳಲ್ಲಿ ಕೆಲವು ಚೆನ್ನಾಗಿಯೇ ಇವೆ. ತೂಗುವ ಹಲಗೆಯ ಮೇಲೆ ಮಾತ್ರ ಆ ನಯವಾದ ನೆರಳುಗಳು ಕದಡಿಹೋಗುತ್ತವೆ. ಹಳೆಯ ಚಿತ್ರದ ದಪ್ಪ ಕಪ್ಪು ಗೆರೆ, ಅಗಲ ಕಣ್ಣು ಹತ್ತಡಿ ದೂರದಿಂದಲೂ, ತೂಗಾಟದ ನಡುವೆಯೂ ನಿಲ್ಲುತ್ತವೆ. ಕಿನ್ನಾಳದ ಚಿತ್ರಗಾರರ ಹಳೆಯ ಕೆಲಸದಲ್ಲೂ ಈ ಗುಣವನ್ನು ಕಾಣಬಹುದು. ಅದು ಒರಟುತನವಲ್ಲ, ನಡೆಯ ಲೆಕ್ಕಾಚಾರ.

ವಸ್ತುಸಂಗ್ರಹಾಲಯಗಳ ಹೊಣೆ ಇಲ್ಲಿ ದೊಡ್ಡದು. ನಶ್ಯದ ಡಬ್ಬಿಗಾಗಿ ರೂಪುಗೊಂಡ ದಾಖಲಾತಿಯ ನಮೂನೆಯನ್ನೇ ತೊಟ್ಟಿಲಿಗೂ ಬಳಸಿದರೆ ವಸ್ತು, ಅಳತೆ, ಕಾಲ, ಚಿತ್ರದ ವಿಷಯ ಎಂಬ ನಾಲ್ಕು ಸಾಲಿಗೆ ಕೆಲಸ ಮುಗಿದುಹೋಗುತ್ತದೆ. ತೊಟ್ಟಿಲು ಯಾವ ತವರಿನಿಂದ ಯಾವ ಊರಿಗೆ ಬಂತು, ಎಷ್ಟು ಕೂಸುಗಳನ್ನು ತೂಗಿತು, ಯಾವ ಯಾವ ಮನೆಗಳಿಗೆ ಎರವಲು ಹೋಯಿತು, ಕಟ್ಟಿದಾಗ ಯಾವ ಹಲಗೆ ಬಾಗಿಲ ಕಡೆಗಿತ್ತು, ಯಾವುದು ಬಾಣಂತಿಯ ಕಡೆಗಿತ್ತು ಎಂಬುದನ್ನು ಹೇಳಬಲ್ಲ ಹಿರಿಯ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳಬೇಕು. ಮನೆಯಲ್ಲಿ ತೂಗಿದ ಹಳೆಯ ತೊಟ್ಟಿಲು ಸಂಗ್ರಹಕ್ಕೆ ಬಂದಾಗ ಬಣ್ಣ ಸವೆದ ಭಾಗಗಳನ್ನು ಅಳೆದು ಗುರುತಿಸಿಕೊಳ್ಳುವುದೂ ಅಗತ್ಯ. ನೆಲದ ಮೇಲೆ ಕುಳಿತು ತೂಗಿದವರ ಕೈ ತಾಗಿದ ಎತ್ತರ ಒಂದು, ನಿಂತು ತೂಗಿದವರದು ಇನ್ನೊಂದು. ದುರಸ್ತಿಯ ಹೆಸರಿನಲ್ಲಿ ಅಲ್ಲಿ ಹೊಸ ಬಣ್ಣ ಹಚ್ಚಿಬಿಟ್ಟರೆ ಆ ವ್ಯತ್ಯಾಸವನ್ನು ಮತ್ತೆ ಓದಲು ಬರುವುದಿಲ್ಲ.